ಎಆರ್‌ಟಿ ಕೇಂದ್ರದಲ್ಲೇ ಸಿಎಂವಿ ರೆಟಿನೈಟಿಸ್ ಹಿಡಿದು ಚುಚ್ಚಿದ ಲೆಕ್ಕ

ಎಚ್‌ಐವಿ ಸೋಂಕಿತರ ದೇಹಬಲ ತೀರಾ ಕುಸಿದಾಗ ಸಿಎಂವಿ ಎಂಬ ವೈರಸ್ ಕಣ್ಣಿನ ಒಳಪದರವಾದ ರೆಟಿನಾವನ್ನು ತಿನ್ನುವ ರೋಗ ಸಿಎಂವಿ ರೆಟಿನೈಟಿಸ್. ಅದನ್ನು ಎಚ್‌ಐವಿ ಮದ್ದು ಕೊಡುವ ಎಆರ್‌ಟಿ ಕೇಂದ್ರದಲ್ಲೇ ಪತ್ತೆಹಚ್ಚಿ, ನಮ್ಮ ಆಸ್ಪತ್ರೆಯಲ್ಲೇ ಕಣ್ಣಿಗೆ ಮದ್ದು ಚುಚ್ಚೋಣ ಎಂದಾಗ ‘ಇದು ಜಿಲ್ಲಾ ಆಸ್ಪತ್ರೆಯಲ್ಲಿ ಆಗುವ ಕೆಲಸವಲ್ಲ, ರೆಟಿನಾದವರಿಗೆ ಕಳಿಸಿಬಿಡಿ’ ಎಂದವರೇ ಹೆಚ್ಚು. ‘ಡೊಲುಟೆಗ್ರಾವಿರ್‌ನಂಥ ಎಚ್‌ಐವಿ ಮಾತ್ರೆ ಬಂದ ಮೇಲೆ ಸಿಎಂವಿ ಎಲ್ಲಿದೆ ಸಾರ್?’ ಎಂದು ನಕ್ಕವರೂ ಇದ್ದಾರೆ. ಇದೆ. ತೀರಾ ತಡವಾಗಿ ಪತ್ತೆಯಾಗುವವರು, ಮಾತ್ರೆ ಬಿಟ್ಟು ವರ್ಷಗಟ್ಟಲೆ ಕಾಣೆಯಾಗಿ ಮರಳುವವರು ಇರುವ ತನಕ ಇರುತ್ತದೆ. ಈಗ ನಮ್ಮ ಕೇಂದ್ರದಲ್ಲಿ ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ನೂರಕ್ಕಿಂತ ಕೆಳಗಿರುವ ಪ್ರತಿಯೊಬ್ಬರ ಕಣ್ಣಿಗೂ ವರದಿ ಬಂದ ದಿನವೇ ಪಾಪೆ ಹಿಗ್ಗಿಸುವ, ಅಂದರೆ ಡೈಲೇಟ್ ಮಾಡುವ ಹನಿ ಬೀಳುತ್ತದೆ. ರೆಟಿನಾದಲ್ಲಿ ಗಾಯ ಕಂಡರೆ ಅದೇ ವಾರ ಸಿಎಂವಿ ಮದ್ದಾದ ಗ್ಯಾನ್ಸಿಕ್ಲೋವಿರ್ ಕಣ್ಣೊಳಗೆ ಹೋಗುತ್ತದೆ. ಈ ಪದ್ಧತಿ ಬೇರೂರಿದೆ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ರೆಟಿನಾ ಫೆಲೋಶಿಪ್ ಮಾಡಿದವನಲ್ಲ, ಸಾಮಾನ್ಯ ನೇತ್ರತಜ್ಞ. ಅದು ಅಡ್ಡಿಯಾಗಲಿಲ್ಲ.

ಮೊದಲು ಕೈಕೊಟ್ಟದ್ದು ‘ಕಣ್ಣು ಮಂಜಾಗಿದೆಯಾ?’ ಎಂದು ಕೇಳಿ ಆರಿಸುವ ಕ್ರಮ. ಈ ರೋಗದಲ್ಲಿ ನೋವಿಲ್ಲ, ಕೆಂಪಿಲ್ಲ. ಗಾಯ ರೆಟಿನಾದ ಅಂಚಿನಲ್ಲಿದ್ದರೆ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಹೆಚ್ಚೆಂದರೆ ಕಣ್ಣ ಮುಂದೆ ನೊಣ ಹಾರಿದ ಹಾಗೆ ಅನ್ನುತ್ತಾರೆ. ಕಣ್ಣೊಳಗೆ ಇಣುಕುವ ಕೈ ಉಪಕರಣ ಡೈರೆಕ್ಟ್ ಆಫ್ತಾಲ್ಮೋಸ್ಕೋಪೂ ಅಷ್ಟೇ, ನಡುವಿನದ್ದು ಮಾತ್ರ ಕಾಣುತ್ತದೆ, ಅಂಚಿನದ್ದು ತಪ್ಪುತ್ತದೆ. ರೆಫರಲ್ ಚೀಟಿ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಹೋಗಲೇ ಇಲ್ಲ. ಹೋದವರಿಗೆ ದೊಡ್ಡ ಊರಿನ ಆಸ್ಪತ್ರೆಯೊಂದು ಮುಂದಿನ ತಿಂಗಳ ತಾರೀಕು ಕೊಟ್ಟಿತು. ಮದ್ದಿಲ್ಲದ ಗಾಯ ದಿನಕ್ಕೆ ಇಪ್ಪತ್ತನಾಲ್ಕು ಮೈಕ್ರಾನ್ ಆಸುಪಾಸು ಮುಂದೆ ಸರಿಯುತ್ತದೆ, ಅಂದರೆ ಎರಡು ತಿಂಗಳಿಗೆ ಒಂದು ಡಿಸ್ಕ್‌ನಷ್ಟು (ದೃಷ್ಟಿನರ ಕಣ್ಣನ್ನು ಸೇರುವ ದುಂಡು ಜಾಗ) ಅಗಲ. ಅಂಚಿನಲ್ಲಿದ್ದರೆ ಕೆಲವು ದಿನ ತಡೆದುಕೊಳ್ಳಬಹುದು. ಚೂಪು ನೋಟದ ನಡುಬಿಂದುವಾದ ಫೋವಿಯಾದಿಂದ ಮೂರು ಮಿಲಿಮೀಟರ್ ಒಳಗೆ, ಇಲ್ಲವೇ ಡಿಸ್ಕ್‌ನಿಂದ ಒಂದೂವರೆ ಮಿಲಿಮೀಟರ್ ಒಳಗೆ ಬಂದಿದ್ದರೆ ನಾಳೆ ಎನ್ನುವಂತಿಲ್ಲ.

ದುಡ್ಡು ಪೋಲಾಗುವ ಇನ್ನೊಂದು ಜಾಗ ರಕ್ತ ಪರೀಕ್ಷೆ. ಹಿಂದೆಂದೋ ಸೋಂಕು ತಗುಲಿದ್ದನ್ನಷ್ಟೇ ತೋರುವ ಸಿಎಂವಿ ಐಜಿಜಿ ಮಾಡಿಸಿ ‘ಪಾಸಿಟಿವ್’ ಎಂದು ಬರೆದು ಕಳಿಸುತ್ತಾರೆ. ನಮ್ಮ ದೇಶದ ವಯಸ್ಕರಲ್ಲಿ ಪಾಸಿಟಿವ್ ಇಲ್ಲದವರು ಯಾರು? ಪ್ಲಾಸ್ಮಾ ಪಿಸಿಆರ್‌ಗೆ ಸಾವಿರಗಟ್ಟಲೆ ಸುರಿದರೂ ರೆಟಿನಾದಲ್ಲಿ ಗಾಯವಿದೆಯೇ ಎಂದು ಅದು ಹೇಳುವುದಿಲ್ಲ. ಕಣ್ಣಲ್ಲಿ ನೋಡಿಯೇ ತೀರ್ಮಾನ. ‘ಅದೂ ಹರ್ಪಿಸ್ ಜಾತಿಯದೇ ಅಲ್ಲವೇ’ ಎಂದು ಸ್ಟೋರಿನಲ್ಲಿರುವ ಅಸೈಕ್ಲೋವಿರ್ ಕೊಟ್ಟು ಕೂರುವುದು ಇನ್ನೂ ಕೆಟ್ಟದ್ದು. ಅಸೈಕ್ಲೋವಿರ್ ಚುರುಕಾಗಲು ಬೇಕಾದ ಥೈಮಿಡಿನ್ ಕೈನೇಸ್ ಸಿಎಂವಿಯಲ್ಲಿ ಇಲ್ಲ, ಮಾತ್ರೆ ನುಂಗುತ್ತಲೇ ಕಣ್ಣು ಹೋಗುತ್ತದೆ.

ಸಲಕರಣೆಗೆ ದೊಡ್ಡ ಖರ್ಚಿಲ್ಲ. ಇಲಾಖೆಯ ಹಳೇ ಇಂಡೈರೆಕ್ಟನ್ನು (ರೆಟಿನಾದ ಅಂಚನ್ನೂ ತೋರಿಸುವ, ತಲೆಗೆ ಕಟ್ಟುವ ಆಫ್ತಾಲ್ಮೋಸ್ಕೋಪ್) ಎಆರ್‌ಟಿ ಕೇಂದ್ರಕ್ಕೇ ಸಾಗಿಸಿ, ಔಷಧಿ ಕೋಣೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿದೆವು. 20ಡಿ ಲೆನ್ಸ್ ಒಂದನ್ನು ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಕೊಂಡೆವು. ಟ್ರೋಪಿಕಮೈಡ್-ಫಿನೈಲೆಫ್ರಿನ್ ಹನಿಯನ್ನು ಆಪ್ತಸಮಾಲೋಚನೆಗೆ ಮೊದಲೇ ಸ್ಟಾಫ್ ನರ್ಸ್ ಹಾಕುತ್ತಾರೆ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಸಮಾಲೋಚನೆ ಮುಗಿಯುವಷ್ಟರಲ್ಲಿ ಕಣ್ಣು ತಯಾರು, ರೋಗಿಗೆ ಬೇರೆ ಸಾಲಿಲ್ಲ, ಬೇರೆ ಚೀಟಿಯಿಲ್ಲ. ಇಡೀ ಪದ್ಧತಿಯ ಗುಟ್ಟು ಇಷ್ಟೇ. ಹನಿಯಿಂದ ನೋಟ ಮಂಜಾಗುವುದರಿಂದ ಬೈಕಿನಲ್ಲಿ ಒಬ್ಬರೇ ಬಂದವರನ್ನು ಮಾತ್ರ ಸಂಜೆವರೆಗೆ ಕೂರಿಸಿಕೊಳ್ಳಬೇಕು.

ನೋಡುವುದನ್ನು ಎಆರ್‌ಟಿ ವೈದ್ಯಾಧಿಕಾರಿಗೇ ಕಲಿಸಿದೆ. ಇದಕ್ಕೂ ನಕ್ಕವರಿದ್ದರು. ಮ್ಯಾನ್ಮಾರಿನಲ್ಲಿ ಏಡ್ಸ್ ಕ್ಲಿನಿಕ್ಕಿನ ವೈದ್ಯರೇ ಇಂಡೈರೆಕ್ಟ್ ಕಲಿತು ಚುಚ್ಚುವುದನ್ನೂ ಮಾಡಿ ತೋರಿಸಿದ್ದಾರೆ. ನಾವು ಚುಚ್ಚುವುದನ್ನು ನೇತ್ರ ವಿಭಾಗದಲ್ಲೇ ಇಟ್ಟುಕೊಂಡೆವು. ಕಲಿಯುವವರಿಗೆ ಒಂದು ಅನುಕೂಲವುಂಟು: ಸಿಡಿ4 ಐವತ್ತರ ಕೆಳಗಿದ್ದಾಗ ಉರಿಯೂತವೇ ಎಬ್ಬಿಸಲಾರದ ದೇಹ, ಕಣ್ಣೊಳಗಿನ ಜೆಲ್ಲಿಯಾದ ವಿಟ್ರಿಯಸ್ ತಿಳಿಯಾಗಿರುತ್ತದೆ. ಮಂಜು ದಟ್ಟವಾಗಿದ್ದರೆ ಟಾಕ್ಸೋಪ್ಲಾಸ್ಮಾ, ಸಿಫಿಲಿಸ್ ಯೋಚಿಸಬೇಕು, ಸಿಫಿಲಿಸ್‌ನ ರಕ್ತ ಪರೀಕ್ಷೆಯಾದ ವಿಡಿಆರ್‌ಎಲ್ ಬಿಡಬಾರದು. ಕಾಟನ್ ವೂಲ್ ಚುಕ್ಕೆಗಳ (ರೆಟಿನಾದಲ್ಲಿ ಹತ್ತಿಯಂತೆ ಕಾಣುವ ಬಿಳಿ ಮಚ್ಚೆಗಳು) ಗೊಂದಲ ಎಲ್ಲರಿಗೂ ಆಗುತ್ತದೆ. ಅವು ಚಿಕ್ಕವು, ಡಿಸ್ಕ್‌ನ ಸುತ್ತಮುತ್ತ ಇರುತ್ತವೆ, ಬೆಳೆಯದೆ ಕೆಲವು ವಾರಗಳಲ್ಲಿ ಕರಗುತ್ತವೆ. ಅನುಮಾನವಿದ್ದರೆ ಒಂದು ವಾರ ಬಿಟ್ಟು ನೋಡಿ.

ನೋಡಬೇಕಾದ್ದು ಗಾಯದ ನಡುವನ್ನಲ್ಲ, ಅಂಚನ್ನು. ನಡುವೆ ಬಿಳಿ-ಹಳದಿ ನೆಕ್ರೋಸಿಸ್ (ಸತ್ತ ಭಾಗ), ರಕ್ತದ ಮಚ್ಚೆ, ಇವು ಯಾರ ಕಣ್ಣಿಗೂ ಬೀಳುತ್ತವೆ. ಚುರುಕಾದ ಅಂಚು ಒಣಗಿದಂತೆ, ರವೆ ಉದುರಿಸಿದಂತೆ ಇರುತ್ತದೆ. ಅದರಾಚೆ ಇನ್ನೂ ಚೆನ್ನಾಗಿರುವ ರೆಟಿನಾದ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಮದ್ದು ಹಿಡಿದರೆ ಮೊದಲು ಮಾಯವಾಗುವುದು ಆ ಚುಕ್ಕೆಗಳು. ರಕ್ತವಿಲ್ಲದ ಬರೀ ರವೆಯಂಥ ಬಗೆಯೂ ಉಂಟು, ರೆಟಿನಾದ ಅಂಚಿನಲ್ಲಿ ಸುಲಭವಾಗಿ ತಪ್ಪಿಹೋಗುವುದು ಅದೇ. ಇಂಡೈರೆಕ್ಟಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುವುದರಿಂದ ಚಿತ್ರ ಬರೆಯುವಾಗ ಹಾಳೆಯನ್ನು ತಲೆಕೆಳಗಾಗಿ ಇಟ್ಟುಕೊಳ್ಳುವುದು ನಿಮಗೆ ಗೊತ್ತೇ ಇದೆ. ಕಲಿಯುವವರಿಗೆ ಅದನ್ನು ಮೊದಲ ದಿನವೇ ಹೇಳಿ.

ಇನ್ನು ದುಡ್ಡು. ನುಂಗುವ ದಾರಿಯಲ್ಲಿ, ಅದೇ ಮದ್ದಿನ ಮಾತ್ರೆರೂಪವಾದ ವ್ಯಾಲ್‌ಗ್ಯಾನ್ಸಿಕ್ಲೋವಿರ್ 900 ಮಿ.ಗ್ರಾಂ. ದಿನಕ್ಕೆರಡು ಬಾರಿ, 21 ದಿನ. ಅಂದರೆ 450ರ ಮಾತ್ರೆ 84. ನಾವು ಕೊಂಡಾಗ ಮಾತ್ರೆಗೆ ಮುನ್ನೂರರ ಆಸುಪಾಸು ಇತ್ತು, ಇಪ್ಪತ್ತೈದು ಸಾವಿರ ಅಲ್ಲಿಗೇ ಆಯಿತು. ಆಮೇಲೆ ತಿಂಗಳಿಗೆ 60 ಮಾತ್ರೆ. ಇದರ ಪೇಟೆಂಟನ್ನು ಚೆನ್ನೈನ ಪೇಟೆಂಟ್ ಕಚೇರಿ 2010ರಲ್ಲಿ ರದ್ದು ಮಾಡಿತು. ಪೇಟೆಂಟ್ ವಿರುದ್ಧದ ಆ ಹೋರಾಟದಲ್ಲಿ ಸೋಂಕಿತರ ಸಂಘಟನೆಗಳೂ ಮುಂದಿದ್ದವು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಗೂ ಸೇರಿತು. ಆದರೂ ಕೂಲಿಯವರ ಜೇಬಿಗೆ ಅದು ಎಟುಕುವುದಿಲ್ಲ. ಚುಚ್ಚುವ ದಾರಿಯಲ್ಲಿ ಗ್ಯಾನ್ಸಿಕ್ಲೋವಿರ್‌ನ 500 ಮಿ.ಗ್ರಾಂ.ನ ಒಂದು ವಯಲ್ ಆಗ ಸಾವಿರದ ಮೇಲೆ ಸ್ವಲ್ಪ ಇತ್ತು. ಒಂದು ಕಣ್ಣಿಗೆ ಬೇಕಾದ್ದು 2 ಮಿ.ಗ್ರಾಂ. ಮಾತ್ರ. ಎಲ್ಲರನ್ನೂ ಸೋಮವಾರ, ಗುರುವಾರ ಒಟ್ಟುಗೂಡಿಸಿದಾಗ ಮೂರು ವಾರದ ಕೋರ್ಸ್ ತಲೆಗೆ ಎರಡು-ಮೂರು ಸಾವಿರದಲ್ಲಿ ಮುಗಿಯಿತು. ಒಬ್ಬರೇ ಇದ್ದ ತಿಂಗಳು ಮಾತ್ರ ವಯಲ್ ಪೂರ್ತಿ ಚೆಲ್ಲಿ ಹೊಟ್ಟೆ ಉರಿದುಕೊಳ್ಳಬೇಕು.

ಕಲಸುವ ಲೆಕ್ಕ ಹೀಗೆ. ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿದರೆ ಮಿ.ಲೀ.ಗೆ 50 ಮಿ.ಗ್ರಾಂ. ಅದರಿಂದ 0.8 ಮಿ.ಲೀ. ಎಳೆದು 0.2 ಸಲೈನ್ ಸೇರಿಸಿದರೆ ಮಿ.ಲೀ.ಗೆ 40. ಆಗ 0.05 ಮಿ.ಲೀ.ನಲ್ಲಿ ನಮ್ಮ 2 ಮಿ.ಗ್ರಾಂ. ಪ್ಯಾರಾಬೆನ್ ಇರುವ ಬ್ಯಾಕ್ಟೀರಿಯೋಸ್ಟ್ಯಾಟಿಕ್ ನೀರು ಹಾಕಿದರೆ ಮದ್ದು ಗರಣೆಗಟ್ಟುತ್ತದೆ. ಕಲಸಿದ್ದನ್ನು ಫ್ರಿಜ್ಜಿನಲ್ಲಿ ಇಡಬೇಡಿ; ಹೊರಗೆ ಹನ್ನೆರಡು ಗಂಟೆ, ಆಮೇಲೆ ಚೆಲ್ಲಿ. ಪಿಎಚ್ 11ರ ಹತ್ತಿರದ ದ್ರವ, ಕೀಮೋ ಮದ್ದಿನಷ್ಟೇ ಜೋಪಾನ ಬೇಕು. ಗರ್ಭಿಣಿ ನರ್ಸ್ ಕೈಯಲ್ಲಿ ಕಲಸಿಸಬೇಡಿ. ಲೆಕ್ಕವನ್ನು ಇಬ್ಬರು ಜೋರಾಗಿ ಓದಿ ಹೇಳುವುದು ನಮ್ಮಲ್ಲಿ ಕಡ್ಡಾಯ. ದಶಾಂಶ ಒಂದು ಮನೆ ತಪ್ಪಿದರೆ ರೆಟಿನಾ ಸುಟ್ಟಂತೆಯೇ.

ಚುಚ್ಚುವುದು ಎಲ್ಲರಿಗೂ ಗೊತ್ತಿರುವಂತೆಯೇ: ಮರಗಟ್ಟಿಸುವ ಪ್ರೊಪರಾಕೇನ್ ಹನಿ, ಶೇ. 5ರ ಪೊವಿಡೋನ್ ಅಯೋಡಿನ್, ರೆಪ್ಪೆ ತೆರೆದಿಡುವ ಸ್ಪೆಕ್ಯುಲಮ್, 30 ಗೇಜ್ ಸೂಜಿ, ಲಿಂಬಸ್‌ನಿಂದ (ಕರಿಗುಡ್ಡೆಯ ಅಂಚು) ನಾಲ್ಕು ಮಿಲಿಮೀಟರ್, ಕೃತಕ ಮಸೂರ (ಐಓಎಲ್) ಇದ್ದರೆ ಮೂರೂವರೆ. ಗಾಯವಿರುವ ಕಾಲುಭಾಗ (ಕ್ವಾಡ್ರಂಟ್) ಬಿಟ್ಟು ಚುಚ್ಚಿ. ಕೂಡಲೇ ಬೆರಳೆಣಿಸಲು ಹೇಳಿ. ಆಗದಿದ್ದರೆ ಡಿಸ್ಕ್ ನೋಡಿ, ಒತ್ತಡ ಇಳಿಸಲು ಕಣ್ಣಿನ ದ್ರವ ತೆಗೆಯುವ ಪ್ಯಾರಾಸೆಂಟೆಸಿಸ್‌ಗೆ ಸಿದ್ಧವಿರಿ. ನಿತ್ರಾಣವಾದ ರೋಗಿಯ ಕಣ್ಣು ಸರಿಯುವುದನ್ನು ತಡೆಯಲು ಒಂದು ಸಣ್ಣ ಕೈಚಳಕ ಕಂಡುಕೊಂಡಿದ್ದೇನೆ. ಅದನ್ನು ಎದುರಿಗೆ ನಿಂತವರಿಗೇ ತೋರಿಸಬೇಕು, ಬರೆದರೆ ಯಾರಾದರೂ ಎಡವಟ್ಟು ಮಾಡಿಯಾರು. ಶಸ್ತ್ರಚಿಕಿತ್ಸೆ ಕೋಣೆಯ (ಓಟಿ) ಪಟ್ಟಿಯಲ್ಲಿ ಎಚ್‌ಐವಿ ಸೋಂಕಿತರನ್ನು ಕೊನೆಗೆ ತಳ್ಳುವ ಚಾಳಿಯನ್ನೂ ಬಿಡಿಸಿದೆ. ಮುನ್ನೆಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ, 2017ರ ಎಚ್‌ಐವಿ ಕಾಯ್ದೆಯೂ ತಾರತಮ್ಯ ಒಪ್ಪುವುದಿಲ್ಲ.

ನಡುವೆ ಮೊಬೈಲ್ ಪ್ರಯೋಗವೂ ನಡೆಯಿತು. ಫ್ಲ್ಯಾಶ್ ಉರಿಸಿಟ್ಟು ವಿಡಿಯೋ ಮೋಡ್‌ನಲ್ಲಿ 20ಡಿ ಮುಂದಿಟ್ಟು, ಆಮೇಲೆ ಚೆನ್ನಾಗಿರುವ ಫ್ರೇಮ್ ಆರಿಸುವುದು. ಡಿಸ್ಕ್, ಮ್ಯಾಕ್ಯುಲಾ (ಫೋವಿಯಾ ಸುತ್ತಲಿನ ನಡುಭಾಗ) ಸೊಗಸಾಗಿ ಬರುತ್ತವೆ, ರೆಟಿನಾದ ಅಂಚು ಬರುವುದಿಲ್ಲ. ಗಾಯ ಹಿಂಜರಿದದ್ದನ್ನು ರೋಗಿಗೆ ತೋರಿಸಲು ಬಳಸುತ್ತೇವೆ, ಸ್ಕ್ರೀನಿಂಗ್‌ಗಲ್ಲ.

ಚುಚ್ಚಿದ ಮದ್ದು ಆ ಕಣ್ಣಿಗಷ್ಟೇ. ಇನ್ನೊಂದು ಕಣ್ಣನ್ನೂ ಈ ವೈರಸ್ ತಾಗಬಹುದಾದ ಕರುಳನ್ನೂ ಅದು ಕಾಯದು. ಆದ್ದರಿಂದ ದಾನಿಗಳಿಂದ ಮಾತ್ರೆ ಹೊಂದಿಸಲು ಆದವರಿಗೆ ಎರಡೂ ಕೊಡುತ್ತೇವೆ, ಮೊದಲಿಗೆ ಮ್ಯಾಕ್ಯುಲಾ ಹತ್ತಿರ ಗಾಯವಿರುವವರಿಗೆ. ಮಾತ್ರೆಯಲ್ಲಿರುವವರಿಗೆ ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ (ಸಿಬಿಸಿ). ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಐನೂರರ ಕೆಳಗೆ ಹೋದರೆ ನಿಲ್ಲಿಸಿ. ಎಚ್‌ಐವಿ ಮದ್ದಾದ ಜಿಡೋವುಡಿನ್ ಜೊತೆಗಿದ್ದರೆ ರಕ್ತ ಬೇಗ ಕುಸಿಯುತ್ತದೆ, ಎಆರ್‌ಟಿಯವರಿಗೆ ಹೇಳಿ ಅದನ್ನು ಬದಲಿಸಿ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡದೆ ಡೋಸ್ ಬರೆಯಬೇಡಿ.

ಮೂರು ವಾರದ ಮೇಲೆ ವಾರಕ್ಕೊಂದು ಚುಚ್ಚು. ಎಆರ್‌ಟಿಯನ್ನು (ಎಚ್‌ಐವಿ ಮದ್ದು) ಸಿಎಂವಿ ಮದ್ದು ಶುರುವಾದ ಎರಡು ವಾರದೊಳಗೆ ಆರಂಭಿಸುತ್ತೇವೆ. ಸಿಡಿ4 ಏರುತ್ತಿದ್ದಂತೆ ಕೆಲವರಿಗೆ ಕಣ್ಣು ಮತ್ತೆ ಮಂಜಾಗುತ್ತದೆ, ರೋಗ ಮರುಕಳಿಸಿತೆಂದು ಗಾಬರಿಯಾಗುತ್ತಾರೆ. ಗಾಯದ ಅಂಚು ಮಾಗಿದ್ದು ವಿಟ್ರಿಯಸ್‌ನಲ್ಲಿ ಮಾತ್ರ ಕಣಗಳಿದ್ದರೆ ಅದು ಇಮ್ಯೂನ್ ರಿಕವರಿ ಯುವೈಟಿಸ್, ದೇಹಬಲ ಮರಳುವಾಗ ಏಳುವ ಉರಿಯೂತ. ಮ್ಯಾಕ್ಯುಲಾ ಊದಿದ್ದರೆ ಕಣ್ಣುಗುಡ್ಡೆಯ ಹೊರಪೊರೆಯಡಿ (ಸಬ್‌ಟೆನಾನ್) ಟ್ರಯಾಮ್ಸಿನೊಲೋನ್ ಸ್ಟೆರಾಯ್ಡ್ 40 ಮಿ.ಗ್ರಾಂ. ಕೊಡುತ್ತೇವೆ, ಎಆರ್‌ಟಿ ನಿಲ್ಲಿಸುವುದಿಲ್ಲ. ಸಿಡಿ4 ನೂರು ದಾಟಿ ಮೂರರಿಂದ ಆರು ತಿಂಗಳು ಅಲ್ಲೇ ನಿಂತರೆ ಚುಚ್ಚು ಬಂದ್. ಆಮೇಲೂ ಮೂರು ತಿಂಗಳಿಗೊಮ್ಮೆ ಡೈಲೇಟ್ ಮಾಡುತ್ತೇವೆ, ಏಕೆಂದರೆ ಗಾಯ ಮಾಗಿದ ಜಾಗದ ತೆಳ್ಳನೆಯ ರೆಟಿನಾ ಹರಿದು ಡಿಟ್ಯಾಚ್ ಆಗುವ ಭಯ ಆಗಲೂ ಇರುತ್ತದೆ. ಹಾಗೆ ಬಿಟ್ಟುಬಂದ ರೆಟಿನಾವನ್ನು ಮತ್ತೆ ಕೂರಿಸುವ ಸಿಲಿಕಾನ್ ಆಯಿಲ್ ಶಸ್ತ್ರಚಿಕಿತ್ಸೆಯೊಂದಕ್ಕೆ ಮಾತ್ರ ಇನ್ನೂ ಹೊರಗೆ ಕಳಿಸುತ್ತಿದ್ದೇವೆ.