ಹೆರಿಗೆಯಲ್ಲಿ ಮಗುವಿನ ಕೈಯ ನರಕ್ಕೆ ಪೆಟ್ಟಾದರೆ ಏನು ಮಾಡಬೇಕು?

ನನ್ನ ತಂಗಿಯ ಮಗುವಿನ ಎಡಗೈ ಏಳುವುದಿಲ್ಲ ಎಂದು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಗೆ ಮಗುವನ್ನು ಮೀಯಿಸಲು ಬರುತ್ತಿದ್ದ ಅಜ್ಜಿ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹೊಯ್ದರು. ಮಗು ಬೆಚ್ಚಿ ಬಲಗೈ ಎತ್ತಿತು. ಎಡಗೈ ಮಾತ್ರ ಮೈಗೆ ಅಂಟಿಕೊಂಡಂತೆ ಇತ್ತು, ಅಂಗೈ ಹಿಂದಕ್ಕೆ ತಿರುಗಿತ್ತು. "ಇದೆಂತ ಮಗಾ, ಈ ಕೈ ಯಾಕೆ ಏಳುವುದಿಲ್ಲ?" ಎಂದು ಕೇಳಿದರು. ಮಂಗಳೂರಿನ ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ ಈ ಬಗ್ಗೆ ಒಂದು ಗೆರೆಯೂ ಇರಲಿಲ್ಲ.

ಕುತ್ತಿಗೆಯಿಂದ ಕೈಗೆ ಇಳಿಯುವ ಐದು ನರಬೇರುಗಳ ಗೊಂಚಲಿಗೆ ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ತಲೆ ಹೊರಬಂದ ಮೇಲೆ ಮಗುವಿನ ಭುಜ ತಾಯಿಯ ಸೊಂಟದ ಮೂಳೆಗೆ ಸಿಕ್ಕಿಕೊಂಡರೆ, ಎಳೆತಕ್ಕೆ ಈ ನರಗಳು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಮೇಲಿನ ಎರಡು ಬೇರುಗಳಿಗೆ ಪೆಟ್ಟಾದರೆ ಅದು ಅರ್ಬ್ಸ್ ಪಾಲ್ಸಿ. ಮಗು ದಪ್ಪ ಇದ್ದರೆ, ತಾಯಿಗೆ ಶುಗರ್ ಇದ್ದರೆ ಅಪಾಯ ಜಾಸ್ತಿ.

ಎರಡು ಲೆಕ್ಕ ನೆನಪಿಡಿ. ಕೈಗೆ ಮೂರು ತಿಂಗಳು, ಕೇಸಿಗೆ ಎರಡು ವರ್ಷ. ನಮ್ಮ ಮನೆಯಲ್ಲಿ ಸಿಟ್ಟಿನ ಭರದಲ್ಲಿ ಮೊದಲು ವಕೀಲರನ್ನು ಹುಡುಕಿದೆವು. ಅದು ತಪ್ಪು.

ಮೊದಲು ಕೈ

ಮಕ್ಕಳ ಡಾಕ್ಟರಿಗೆ ಕೂಡಲೇ ತೋರಿಸಿ. ಕೊರಳೆಲುಬು ಮುರಿದಿದ್ದರೂ ಮಗು ಕೈ ಎತ್ತುವುದಿಲ್ಲ, ಹಾಗಾಗಿ ಎಕ್ಸ್‌ರೇ ಬೇಕಾಗಬಹುದು. ಅದೇ ಬದಿಯ ಕಣ್ಣಿನ ರೆಪ್ಪೆ ಜೋತುಬಿದ್ದಿದೆಯಾ ನೋಡಿ. ಇದ್ದರೆ ಪೆಟ್ಟು ಆಳದ್ದಿರಬಹುದು, ತಪ್ಪದೆ ಹೇಳಿ. ಎಣ್ಣೆ ಹಚ್ಚಿ ಕೈ ಎಳೆದು ತೀಡುವುದನ್ನು ನಿಲ್ಲಿಸಿ. ಅಜ್ಜಿಯಂದಿರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಕಂಕುಳಿಗೆ ಕೈಹಾಕಿ ಮಗುವನ್ನು ಎತ್ತಬೇಡಿ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ.

ಹೆಚ್ಚಿನ ಮಕ್ಕಳು ಫಿಸಿಯೋಥೆರಪಿಯಲ್ಲೇ ಚೇತರಿಸಿಕೊಳ್ಳುತ್ತಾರೆ. ಮೂರು ತಿಂಗಳಾದರೂ ಮಗು ಮೊಣಕೈ ಮಡಚದಿದ್ದರೆ, ನರದ ಶಸ್ತ್ರಚಿಕಿತ್ಸೆ ಮಾಡುವವರಿಗೆ ತೋರಿಸಬೇಕು. "ದೊಡ್ಡದಾದಾಗ ಸರಿಯಾಗ್ತದೆ" ಅಂತ ಸುಮ್ನೆ ಕೂತರೆ ಆ ಅವಕಾಶ ಕೈತಪ್ಪುತ್ತದೆ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಕೈಯ ವಿಡಿಯೊ ತೆಗೆದಿಡಿ. ಡಾಕ್ಟರಿಗೂ ಬೇಕು, ಮುಂದೆ ಕೇಸಿಗೂ ಬೇಕು.

ಜೊತೆಗೇ ಕಾಗದ

ಹೆರಿಗೆಯಾದ ಆಸ್ಪತ್ರೆಗೆ ಅರ್ಜಿ ಬರೆದು ದಾಖಲೆ ಕೇಳಿ. ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಕೇಸ್ ಶೀಟು, ಹೆರಿಗೆ ಕೋಣೆಯ ಟಿಪ್ಪಣಿ, ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿಯಿತು ಎಂದು ಗುರುತು ಹಾಕುವ ಚಾರ್ಟು), ಮಗುವಿನ ತೂಕ, ಸ್ಕ್ಯಾನ್ ಮತ್ತು ಶುಗರ್ ವರದಿ, ಒಪ್ಪಿಗೆ ಪತ್ರ, ಬಿಲ್ಲು ಎಲ್ಲವೂ ಬೇಕು. ವೈದ್ಯರಿಗೆ ಅನ್ವಯಿಸುವ 2002ರ ನಿಯಮದಂತೆ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅವರು ಅದನ್ನು ಇಟ್ಟುಕೊಳ್ಳಬೇಕಾದ್ದು ಮೂರು ವರ್ಷ ಮಾತ್ರ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು.

ತಪ್ಪು ಇತ್ತಾ?

ನರಕ್ಕೆ ಪೆಟ್ಟಾಯಿತು ಎಂದ ಮಾತ್ರಕ್ಕೆ ಡಾಕ್ಟರ ತಪ್ಪು ಅಂತಲ್ಲ. ಭುಜ ಸಿಕ್ಕಿಕೊಳ್ಳುವುದನ್ನು ಮೊದಲೇ ಹೇಳಲು ಎಷ್ಟೋ ಸಲ ಆಗುವುದಿಲ್ಲ. ಆ ಹೊತ್ತಿಗೆ ಏನು ಮಾಡಿದರು ಎನ್ನುವುದೇ ಪ್ರಶ್ನೆ. ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಮಡಚಿದರಾ? ಕಿಬ್ಬೊಟ್ಟೆಯ ಕೆಳಗೆ ಒತ್ತಿದರಾ? ಇಲ್ಲಾ ತಲೆ ಹಿಡಿದು ಎಳೆದರಾ? ಬರೆದಿಟ್ಟಿದ್ದಾರಾ? ಆ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬ ಹೆರಿಗೆ ತಜ್ಞರಿಗೆ ಕಾಗದ ತೋರಿಸಿ, ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಕೇಸು ನಿಲ್ಲುವುದು ಹೆಚ್ಚಾಗಿ ಇದರ ಮೇಲೆಯೇ.

ಎಲ್ಲಿಗೆ ಹೋಗಬೇಕು?

ಹಣ ಕೊಟ್ಟ ಆಸ್ಪತ್ರೆಯಾದರೆ ಜಿಲ್ಲಾ ಗ್ರಾಹಕ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಮ್ಮ ಊರಿನವರಿಗೆ ದೊಡ್ಡ ಅನುಕೂಲ ಒಂದಿದೆ. ನಮ್ಮಲ್ಲಿ ಎಷ್ಟೋ ಮನೆಯ ಹೆರಿಗೆ ಮಂಗಳೂರಿನಲ್ಲಿ ಅಲ್ವಾ? 2019ರ ಕಾನೂನಿನಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಜೇಶ್ವರದ ಮನೆಯವರು ಕಾಸರಗೋಡಿನ ಆಯೋಗಕ್ಕೆ ಹೋದರೆ ಸಾಕು. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸಿಲ್ಲ. ಎರಡು ವರ್ಷ ದಾಟಿದರೆ ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಬೇಕು.

ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಸರ್ಕಾರಿ ಆಸ್ಪತ್ರೆಯ ಮೇಲೆ ಈ ದಾರಿ ಇಲ್ಲ. ಅಲ್ಲಿ ಸಿವಿಲ್ ಕೋರ್ಟು. ಡಾಕ್ಟರ ನಡವಳಿಕೆಯ ಬಗ್ಗೆ ಆಯಾ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು, ಆದರೆ ಅಲ್ಲಿ ಪರಿಹಾರದ ಹಣ ಸಿಗುವುದಿಲ್ಲ. ಪೊಲೀಸ್ ಕೇಸಿಗೆ ಅವಸರ ಬೇಡ. ಕ್ರಿಮಿನಲ್ ಕೇಸಿಗೆ ತೀರಾ ದೊಡ್ಡ ನಿರ್ಲಕ್ಷ್ಯ ಇರಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ.

ವಕೀಲರಿಗೆ ಹಣವಿಲ್ಲದಿದ್ದರೆ ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ದೂರು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ತಯಾರಾಗಿದ್ದರೆ, ಸಹಿ ಹಾಕುವ ಮೊದಲು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ನಾಚಿಕೆ ಬೇಡ. ತಂಗಿ ಹಾಗೆ ಕೇಳಿಸಿಕೊಂಡಾಗ, ಮೊದಲ ಪುಟದಲ್ಲೇ ಮಗುವಿನ ಬಲಗೈ ಎಂದು ಬರೆದಿತ್ತು.