ಪಾರಂಪರಿಕ ಕಟ್ಟಡದಲ್ಲಿ ವೈನ್ ಅಂಗಡಿ, ನೆಲಮಾಳಿಗೆಯಲ್ಲಿ ರುಚಿ ನೋಡುವ ಕೋಣೆ: ಆರಂಭಿಸುವುದು ಹೇಗೆ?

ದಪ್ಪ ಕಲ್ಲಿನ ಗೋಡೆ, ಕಮಾನಿನ ಚಾವಣಿ, ಬೇಸಿಗೆಯಲ್ಲೂ ತಣ್ಣಗಿರುವ ನೆಲಮಾಳಿಗೆ. ಇಂಥ ಕಟ್ಟಡವನ್ನು ಕಂಡಾಗ ವೈನ್ ಅಂಗಡಿಗೆ ಹೇಳಿ ಮಾಡಿಸಿದ ಜಾಗ ಎನಿಸುವುದು ಸಹಜ, ಮತ್ತು ಆ ಅನಿಸಿಕೆಗೆ ಚರಿತ್ರೆಯ ಆಧಾರವೂ ಇದೆ. ಫ್ರಾನ್ಸಿನ ರೀಮ್ಸ್ ನಗರದಲ್ಲಿ ಹಿಂದೆ ಸೀಮೆಸುಣ್ಣದ ಕಲ್ಲು ತೆಗೆಯಲು ತೋಡಿದ್ದ ಗಣಿಗಳೇ ಮುಂದೆ ಶಾಂಪೇನ್ ಮಾಗಿಸುವ ನೆಲಮಾಳಿಗೆಗಳಾದವು. 2015ರಲ್ಲಿ ಅವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಆದರೆ ಅಲ್ಲಿ ಬಾಟಲಿಗಳು ಜನರಿಂದ ದೂರ, ಕತ್ತಲಲ್ಲಿ ಮಲಗಿರುತ್ತವೆ. ಅಂಗಡಿಯ ಮಾತು ಬೇರೆ. ಅದಕ್ಕೆ ಜನ ಬರಬೇಕು, ದೀಪ ಉರಿಯಬೇಕು, ಬಾಗಿಲು ತೆರೆದು ಮುಚ್ಚಬೇಕು. ವೈನಿಗೆ ಬೇಕಾದ ಹವೆ, ಜನರಿಗೆ ಬೇಕಾದ ಹವೆ ಮತ್ತು ಹಳೆಯ ಗೋಡೆಗೆ ಬೇಕಾದ ಹವೆ ಮೂರೂ ಬೇರೆಬೇರೆ ಎಂಬುದನ್ನು ಒಪ್ಪಿಕೊಂಡು ನಕ್ಷೆ ಹಾಕಿದರೆ ಮುಂದಿನ ಬಹುಪಾಲು ತೊಂದರೆಗಳು ಹುಟ್ಟುವುದೇ ಇಲ್ಲ.

ಕರಾರಿಗೆ ಸಹಿ ಹಾಕುವ ಮುನ್ನ

ಮೊದಲು ಕಾಗದಪತ್ರ. ಮದ್ಯ ಮಾರಾಟದ ನಿಯಮಗಳು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇವೆ; ಅನೇಕ ಕಡೆ ಮುಚ್ಚಿದ ಬಾಟಲಿಯನ್ನು ಮಾರುವ ಪರವಾನಗಿಯೇ ಬೇರೆ, ಸ್ಥಳದಲ್ಲೇ ಲೋಟಕ್ಕೆ ಸುರಿದು ಕೊಡುವ ಪರವಾನಗಿಯೇ ಬೇರೆ. ಇದರ ಜೊತೆಗೆ ಕಟ್ಟಡದ ಬಳಕೆಯನ್ನು ಬದಲಿಸಲು ಸ್ಥಳೀಯ ಆಡಳಿತದ ಅನುಮತಿ, ಸಂರಕ್ಷಿತ ಕಟ್ಟಡವಾದರೆ ಪರಂಪರೆ ಇಲಾಖೆಯ ಅನುಮತಿ ಹಾಗೂ ಅಗ್ನಿಶಾಮಕ ದಳದ ಒಪ್ಪಿಗೆ ಬೇಕಾಗಬಹುದು. ಒಂದು ಸಿಕ್ಕಿತೆಂದ ಮಾತ್ರಕ್ಕೆ ಇನ್ನೊಂದು ಸಿಗುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಎಲ್ಲ ಅನುಮತಿಗಳು ದೊರೆತ ಮೇಲಷ್ಟೇ ಬಾಡಿಗೆ ಕರಾರು ಜಾರಿಗೆ ಬರಬೇಕೆಂಬ ಷರತ್ತನ್ನು ಬರೆಸಿಕೊಳ್ಳುವುದು ಕ್ಷೇಮ. ಚಾವಣಿ ಸೋರಿದರೆ, ಗೋಡೆ ಬಿರುಕು ಬಿಟ್ಟರೆ ದುರಸ್ತಿಯ ಹೊಣೆ ಯಾರದೆಂಬುದೂ ಅದೇ ಕಾಗದದಲ್ಲಿರಲಿ.

ಪರಂಪರೆ ಇಲಾಖೆಯನ್ನು ಅಡ್ಡಗಾಲು ಹಾಕುವವರೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ, ಸ್ಮಾರಕಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಸ್ಮಾರಕವೊಂದನ್ನು ಸಮಾಜಕ್ಕೆ ಉಪಯುಕ್ತವಾದ ಕೆಲಸಕ್ಕೆ ಬಳಸಿದರೆ ಅದರ ಸಂರಕ್ಷಣೆ ಸುಲಭವಾಗುತ್ತದೆ ಎಂದೇ ಹೇಳುತ್ತದೆ. ಆದರೆ ಆ ಬಳಕೆ ಕಟ್ಟಡದ ವಿನ್ಯಾಸವನ್ನಾಗಲಿ ಅಲಂಕರಣವನ್ನಾಗಲಿ ಬದಲಿಸಬಾರದು ಎಂಬ ಮಿತಿಯನ್ನೂ ಹಾಕುತ್ತದೆ. ಅಳವಡಿಸುವ ಪ್ರತಿಯೊಂದನ್ನೂ ಮುಂದೆ ಗುರುತು ಉಳಿಯದಂತೆ ತೆಗೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ನಿಮ್ಮ ನಕ್ಷೆಯಲ್ಲೇ ಉತ್ತರವಿದ್ದರೆ ಅಧಿಕಾರಿಗಳೊಂದಿಗಿನ ಮಾತುಕತೆ ಅರ್ಧ ಮುಗಿದಂತೆ. ಮೊಳೆ ಹೊಡೆಯಲೇಬೇಕಾದರೆ ಕಲ್ಲಿಗೆ ಹೊಡೆಯದೆ ಎರಡು ಕಲ್ಲುಗಳ ನಡುವಿನ ಗಾರೆಗೆ ಹೊಡೆಯಬೇಕು. ಗಾರೆಯನ್ನು ಮತ್ತೆ ತುಂಬಬಹುದು, ಕಲ್ಲನ್ನು ತುಂಬಲಾಗದು.

ವರ್ಷವಿಡೀ ಅಳೆಯಿರಿ

ನೆಲಮಾಳಿಗೆ ತಂಪಾಗಿದೆ ಎಂಬ ಅನುಭವ ಸಾಲದು. ಉಷ್ಣಾಂಶ ಮತ್ತು ತೇವಾಂಶವನ್ನು ತಾನಾಗಿಯೇ ದಾಖಲಿಸುವ ಪುಟ್ಟ ಲಾಗರ್‌ಗಳನ್ನು ನೆಲದ ಬಳಿ, ಎದೆಮಟ್ಟದಲ್ಲಿ ಮತ್ತು ಚಾವಣಿಯ ಕೆಳಗೆ ಇಟ್ಟು, ಸಾಧ್ಯವಾದರೆ ಒಂದು ಪೂರ್ಣ ವರ್ಷ, ಆಗದಿದ್ದರೆ ಅತಿ ಬಿಸಿಯ ಮತ್ತು ಅತಿ ತೇವದ ತಿಂಗಳುಗಳನ್ನಾದರೂ ಅಳೆಯಬೇಕು. ದೀರ್ಘಕಾಲ ಇಡುವ ವೈನಿಗೆ 12ರಿಂದ 13 ಡಿಗ್ರಿ ಸೆಲ್ಸಿಯಸ್ ಹಿತ. 10ರಿಂದ 15ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಅಂಕಿಗಿಂತ ಸ್ಥಿರತೆ ಮುಖ್ಯ. ಚಳಿಗಾಲದಿಂದ ಬೇಸಿಗೆಗೆ ನಿಧಾನವಾಗಿ ಮೂರು ಡಿಗ್ರಿ ಏರಿದರೆ ವೈನ್ ಸಹಿಸಿಕೊಳ್ಳುತ್ತದೆ, ಆದರೆ ಅದೇ ಏರಿಳಿತ ದಿನದಿನವೂ ನಡೆದರೆ ದ್ರವ ಹಿಗ್ಗಿ ಕುಗ್ಗಿ ಕಾರ್ಕಿನ ಬಿಗಿ ಸಡಿಲಗೊಂಡು ಗಾಳಿ ಒಳನುಗ್ಗುತ್ತದೆ. ಸಾಪೇಕ್ಷ ತೇವಾಂಶ ಶೇ 60ರಿಂದ 75ರ ಒಳಗಿರಲಿ. ಅದಕ್ಕಿಂತ ಬಹಳ ಕಡಿಮೆಯಾದರೆ ಕಾರ್ಕ್ ಒಣಗುತ್ತದೆ, ಶೇ 80 ದಾಟಿದರೆ ಲೇಬಲ್ಲಿನ ಮೇಲೆ ಬೂಷ್ಟು ಹಿಡಿಯುತ್ತದೆ.

ಅಳತೆ ಚೆನ್ನಾಗಿ ಬಂದರೆ ಯಂತ್ರವೇ ಬೇಡವಾಗಬಹುದು. ಬರದಿದ್ದರೆ ಸಾಮಾನ್ಯ ಏಸಿಯನ್ನು ನಂಬಬೇಡಿ, ಅದು ಗಾಳಿಯನ್ನು ಒಣಗಿಸುತ್ತದೆ ಮತ್ತು ಅಷ್ಟು ಕೆಳಗಿನ ಉಷ್ಣಾಂಶಕ್ಕೆ ಇಳಿಯುವುದಿಲ್ಲ. ವೈನ್ ಕೋಣೆಗೆಂದೇ ತಯಾರಾದ ಶೀತಕ ಯಂತ್ರ ಬೇಕು. ಅದರ ಹೊರಘಟಕವನ್ನು ಕಟ್ಟಡದ ಮುಖಭಾಗದಲ್ಲಿ ಕೂರಿಸಲು ಯಾರೂ ಒಪ್ಪುವುದಿಲ್ಲವಾದ್ದರಿಂದ ಬಿಸಿಗಾಳಿ ಎಲ್ಲಿಂದ ಹೊರಹೋಗಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಗೋಡೆ ಉಸಿರಾಡಲಿ

ಹಳೆಯ ಕಟ್ಟಡಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ನೆಲದ ತೇವವನ್ನು ಹೀರಿ ಒಳಗಿನ ಗಾಳಿಗೆ ಬಿಡುತ್ತಲೇ ಇರುತ್ತದೆ. ತೇವ ಕಂಡ ಕೂಡಲೇ ಸಿಮೆಂಟಿನ ಗಿಲಾವು ಮಾಡಿ ಅಥವಾ ನೀರು ನಿರೋಧಕ ಬಣ್ಣ ಬಳಿದು ಮುಚ್ಚಿದರೆ ತೇವಕ್ಕೆ ಹೊರದಾರಿ ಇಲ್ಲದೆ ಗೋಡೆಯೊಳಗೇ ಮೇಲೇರುತ್ತದೆ, ಜೊತೆಗೆ ತಂದ ಲವಣ ಕಲ್ಲಿನ ರಂಧ್ರಗಳಲ್ಲಿ ಹರಳುಗಟ್ಟಿ ಕಲ್ಲಿನ ಮೈಯನ್ನು ಹಾಳೆಹಾಳೆಯಾಗಿ ಉದುರಿಸುತ್ತದೆ. ಬೆರಳಿನಿಂದ ಸವರಿದರೆ ಅಂಟಿಕೊಳ್ಳುವ ಬಿಳಿ ಪುಡಿ, ಅಂಗೈಯಿಂದ ತಟ್ಟಿದರೆ ಟೊಳ್ಳು ಸದ್ದು: ಇವೆರಡೂ ಸಿಕ್ಕ ಗೋಡೆಯಲ್ಲಿ ಹಿಂದೆ ಯಾರೋ ಸಿಮೆಂಟ್ ಬಳಿದಿರುವ ಸಂಭವವೇ ಹೆಚ್ಚು. ಅದನ್ನು ತಿಳಿದವರ ಕೈಯಿಂದ ತೆಗೆಸಿ, ಸುಣ್ಣದ ಗಿಲಾವು ಮಾಡಿಸಿ, ಹೊರಗಡೆ ಮಳೆನೀರು ಅಡಿಪಾಯದ ಬಳಿ ನಿಲ್ಲದಂತೆ ಚರಂಡಿಯನ್ನು ಸರಿಪಡಿಸಿದರೆ ಒಳಗಿನ ಅರ್ಧ ಸಮಸ್ಯೆ ಹೊರಗೇ ಮುಗಿಯುತ್ತದೆ. ಉಷ್ಣ ನಿರೋಧಕ ಫೋಮನ್ನು ಹಳೆಯ ಕಲ್ಲಿನ ಮೇಲೆ ನೇರವಾಗಿ ಸಿಂಪಡಿಸುವುದನ್ನು ನಾನು ಎಂದಿಗೂ ಒಪ್ಪಲಾರೆ. ಅಗತ್ಯವಿದ್ದರೆ ಗೋಡೆಯಿಂದ ಅಂತರ ಬಿಟ್ಟು, ತನ್ನ ಕಾಲ ಮೇಲೆ ತಾನೇ ನಿಲ್ಲುವ ಇನ್ನೊಂದು ಕೋಣೆಯನ್ನು ಒಳಗೆ ಕಟ್ಟಿಸಿ.

ಸ್ವಚ್ಛಗೊಳಿಸುವಾಗ ಒಂದು ಎಚ್ಚರಿಕೆಯನ್ನು ಎಂದೂ ಮರೆಯಬಾರದು. ಬ್ಲೀಚಿಂಗ್ ಪೌಡರ್ ಸೇರಿದಂತೆ ಕ್ಲೋರಿನ್ ಇರುವ ಯಾವುದನ್ನೂ ನೆಲಮಾಳಿಗೆಯೊಳಗೆ ತರಬೇಡಿ. ಕ್ಲೋರಿನ್ ಮರ ಮತ್ತು ರಟ್ಟಿನಲ್ಲಿರುವ ಫೀನಾಲ್‌ಗಳೊಡನೆ ಬೆರೆತು ಕ್ಲೋರೊಫೀನಾಲ್‌ಗಳಾಗುತ್ತದೆ, ಬೂಷ್ಟು ಅವನ್ನು ಟಿಸಿಎ ಎಂಬ ಸಂಯುಕ್ತವಾಗಿ ಬದಲಿಸುತ್ತದೆ. ವೈನಿಗೆ ಒದ್ದೆ ರಟ್ಟಿನ ವಾಸನೆ ತರುವ ‘ಕಾರ್ಕ್ ದೋಷ’ಕ್ಕೆ ಮುಖ್ಯ ಕಾರಣ ಇದೇ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ, ಮತ್ತು ಒಮ್ಮೆ ಕೋಣೆಯ ಮರಮುಟ್ಟುಗಳಿಗೆ ಹಿಡಿದರೆ ಬಿಡಿಸುವುದು ಬಲು ಕಷ್ಟ. ಕ್ಲೋರೊಫೀನಾಲ್ ಆಧಾರಿತ ಕೀಟನಾಶಕ ಬಳಿದ ಹಳೆಯ ತೊಲೆಗಳಿದ್ದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ವಿನೆಗರ್‌ನಂಥ ಆಮ್ಲವೂ ಬೇಡ, ಅದು ಸುಣ್ಣವನ್ನು ಕರಗಿಸುತ್ತದೆ.

ತೂಕ ಮತ್ತು ಬೆಳಕು

750 ಮಿಲಿಲೀಟರಿನ ತುಂಬಿದ ಬಾಟಲಿಯೊಂದು ಸುಮಾರು 1.3 ಕಿಲೋ ತೂಗುತ್ತದೆ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಕಪಾಟಿನಲ್ಲಿ 200 ಬಾಟಲಿ ಮಲಗಿಸಿದರೆ 260 ಕಿಲೋ ಭಾರ ಒಂದು ಚದರ ಮೀಟರಿನ ಮೂರನೇ ಒಂದು ಭಾಗದ ಮೇಲೆ ಬೀಳುತ್ತದೆ, ಕಪಾಟಿನ ತೂಕ ಬೇರೆ. ನೆಲದ ಮೇಲೆಯೇ ಹಾಸಿದ ಕಲ್ಲುಹಾಸು ಇದನ್ನು ತಡೆದೀತು. ಮರದ ಜಂತಿಗಳ ಮೇಲಿನ ಅಂತಸ್ತು ತಡೆಯುತ್ತದೆಯೇ ಎಂಬುದನ್ನು ಹಳೆಯ ಕಟ್ಟಡಗಳ ಅನುಭವವಿರುವ ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಹೇಳಬೇಕು.

ಬೆಳಕು ವೈನಿನ ಇನ್ನೊಂದು ಶತ್ರು. ಅತಿನೇರಳೆ ಮತ್ತು ನೀಲಿ ಕಿರಣಗಳು ತಾಗಿದಾಗ ವೈನಿನಲ್ಲಿರುವ ರೈಬೋಫ್ಲೇವಿನ್ ಎಂಬ ಜೀವಸತ್ವ ಕೆರಳಿ, ಗಂಧಕದ ಅಂಶಗಳೊಂದಿಗೆ ಸೇರಿ, ಬೇಯಿಸಿದ ಎಲೆಕೋಸಿನಂಥ ವಾಸನೆ ಹುಟ್ಟುತ್ತದೆ. ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಇದಕ್ಕೆ ಕೆಲವು ಗಂಟೆಗಳೇ ಸಾಕು. ಬೀದಿಯ ಕಿಟಕಿಯಲ್ಲಿ ಖಾಲಿ ಬಾಟಲಿಗಳನ್ನೇ ಪ್ರದರ್ಶಿಸಿ. ಒಳಗೆ ಮಂದವಾದ, ಹಳದಿ ಛಾಯೆಯ ಎಲ್‌ಇಡಿ ದೀಪಗಳಿರಲಿ. ಮೇಲಿನ ಅಂಗಡಿಯಲ್ಲಿ ಬೇಗ ಮಾರಾಟವಾಗುವ ಬಾಟಲಿಗಳನ್ನಷ್ಟೇ ನಿಲ್ಲಿಸಿ, ಉಳಿದವನ್ನು ಕಾರ್ಕ್ ಒಣಗದಂತೆ ಕೆಳಗೆ ಮಲಗಿಸಿಡಿ. ತಿರುಪು ಮುಚ್ಚಳದವು ನಿಂತಿದ್ದರೂ ಬಾಧಕವಿಲ್ಲ.

ರುಚಿ ನೋಡುವ ಕೋಣೆ

ಬಾಟಲಿಗಳ ನಡುವೆಯೇ ಮೇಜು ಹಾಕಿ ಅತಿಥಿಗಳನ್ನು ಕೂರಿಸುವ ಚಿತ್ರ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಅದನ್ನು ಬಿಟ್ಟುಕೊಡಿ ಎಂದು ಒತ್ತಿ ಹೇಳುತ್ತೇನೆ. ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್ ಶಾಖವನ್ನೂ ಗಂಟೆಗೆ ಸುಮಾರು 50 ಗ್ರಾಂ ನೀರಾವಿಯನ್ನೂ ಹೊರಬಿಡುತ್ತದೆ. ಇಪ್ಪತ್ತು ಮಂದಿ ಎರಡು ಗಂಟೆ ಕುಳಿತರೆಂದರೆ ಎರಡು ಕಿಲೋವಾಟ್ ಹೀಟರ್ ಉರಿಸಿ, ತಣ್ಣನೆಯ ಗೋಡೆಗಳಿಗೆ ಎರಡು ಲೀಟರ್ ನೀರು ಉಣಿಸಿದಂತಾಯಿತು. ಅತ್ತ ಅತಿಥಿಗಳಿಗೂ ಸುಖವಿಲ್ಲ: 12 ಡಿಗ್ರಿಯಲ್ಲಿ ಮೈ ನಡುಗುತ್ತದೆ, ಕೆಂಪು ವೈನಿನ ಪರಿಮಳ ಮುಚ್ಚಿಕೊಂಡು ಒಗರಷ್ಟೇ ನಾಲಿಗೆಗೆ ಸಿಗುತ್ತದೆ. ಆದ್ದರಿಂದ ಸಂಗ್ರಹದ ಕೋಣೆಗೆ ಬಿಗಿಯಾದ ಗಾಜಿನ ಬಾಗಿಲು ಹಾಕಿ, ಪಕ್ಕದ ಕಮಾನಿನಡಿ 18ರಿಂದ 20 ಡಿಗ್ರಿಯ, ಗಾಳಿಯಾಡುವ ಕೋಣೆಯನ್ನು ರುಚಿ ನೋಡಲು ಮೀಸಲಿಡಿ. ಬಾಟಲಿಗಳು ಕಾಣುತ್ತವೆ, ಹವೆ ಬೆರೆಯುವುದಿಲ್ಲ.

ಕೆಳಗೆ ಎಷ್ಟು ಮಂದಿ ಇರಬಹುದೆಂಬುದನ್ನು ಕುರ್ಚಿಗಳ ಸಂಖ್ಯೆಗಿಂತ ಮೊದಲು ಮೆಟ್ಟಿಲು ಹೇಳುತ್ತದೆ. ಕಿರಿದಾದ ಒಂದೇ ಮೆಟ್ಟಿಲಿದ್ದರೆ ಅಗ್ನಿಶಾಮಕ ಅಧಿಕಾರಿಗಳು ಸಣ್ಣ ಸಂಖ್ಯೆಯನ್ನೇ ನಿಗದಿಪಡಿಸಬಹುದು. ಸವೆದ ಮೆಟ್ಟಿಲುಗಳನ್ನು ಉಳಿಯಿಂದ ಸಮಗೊಳಿಸಬಾರದು. ಅವುಗಳ ಮೇಲೆ ತೆಗೆಯಬಹುದಾದ ಹಲಗೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ, ವಿದ್ಯುತ್ ಹೋದರೂ ಉರಿಯುವ ದೀಪ ಇರಲಿ. ಮೆಟ್ಟಿಲಿಳಿಯಲಾಗದವರಿಗೆ ಮೇಲಿನ ಅಂಗಡಿಯಲ್ಲೂ ಅದೇ ವೈನ್, ಅದೇ ಗೌರವದಿಂದ ದೊರೆಯುವ ಒಂದು ಮೇಜು ಬೇಕೇ ಬೇಕು.

ಲೋಟದ ವಿಷಯದಲ್ಲಿ ಗೊಂದಲವಿದ್ದರೆ ಐಎಸ್‌ಒ 3591 ಮಾನದಂಡದ, ಸುಮಾರು 215 ಮಿಲಿಲೀಟರ್ ಹಿಡಿಯುವ, ಬಾಯಿ ಕಿರಿದಾದ ಲೋಟ ಎಲ್ಲ ಬಗೆಯ ವೈನಿಗೂ ಹೊಂದುತ್ತದೆ. 50 ಮಿಲಿಲೀಟರ್ ಸುರಿದರೆ ಬಾಟಲಿಯೊಂದಕ್ಕೆ ಹದಿನೈದು ಲೋಟ. ಹಗುರದಿಂದ ಗಾಢದ ಕಡೆಗೆ, ಸಿಹಿಯಿಲ್ಲದ್ದರಿಂದ ಸಿಹಿಯ ಕಡೆಗೆ ಸಾಗುವುದು ರೂಢಿಯ ಕ್ರಮ. ಬಣ್ಣ ನೋಡಲು ಬಿಳಿಯ ಮೇಜುಹಾಸು, ಕುಡಿಯಲು ನೀರು, ಪ್ರತಿ ಮೇಜಿಗೂ ಉಗುಳುಪಾತ್ರೆ ಇರಲಿ. ಉಗುಳುವುದು ಅಸಭ್ಯವಲ್ಲ ಎಂದು ಆರಂಭದಲ್ಲೇ ಹೇಳಿದರೆ ಹೊಸಬರು ಸಂಕೋಚವಿಲ್ಲದೆ ಮಿತಿಯಲ್ಲಿರುತ್ತಾರೆ. ಸುಗಂಧದ ಮೇಣದಬತ್ತಿ, ಘಮಘಮಿಸುವ ಹೂವು ಬೇಡ. ತೆರೆದ ಬಾಟಲಿಯ ಕುತ್ತಿಗೆಗೆ ತೆರೆದ ದಿನಾಂಕದ ಚೀಟಿ ಕಟ್ಟಿ. ಆರ್ಗಾನ್ ಅನಿಲ ತುಂಬುವ ಸಾಧನವಿದ್ದರೆ ದುಬಾರಿ ವೈನನ್ನು ಹೆಚ್ಚು ದಿನ ಕಾಯ್ದುಕೊಳ್ಳಬಹುದು.

ಬಾಗಿಲು ತೆರೆದ ಮೇಲೂ ಲಾಗರ್‌ಗಳನ್ನು ತೆಗೆಯಬೇಡಿ. ರುಚಿಗೋಷ್ಠಿ ನಡೆದ ರಾತ್ರಿಯ ತೇವಾಂಶದ ಗೆರೆ ಮರುದಿನ ಬೆಳಗಿನೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಕೋಣೆ ಅಷ್ಟು ಜನರನ್ನು ತಾಳುತ್ತಿದೆ ಎಂದು ತಿಳಿಯಬಹುದು. ಇಳಿಯದೆ, ಗೋಷ್ಠಿಯಿಂದ ಗೋಷ್ಠಿಗೆ ಸ್ವಲ್ಪಸ್ವಲ್ಪವೇ ಏರುತ್ತಿದ್ದರೆ ಗಾಳಿ ಹೊರಹಾಕುವ ಫ್ಯಾನನ್ನು ಹೆಚ್ಚು ಹೊತ್ತು ಓಡಿಸಿ ನೋಡಿ. ಅದೂ ಸಾಲದಿದ್ದರೆ ಗೋಷ್ಠಿಗೆ ಕರೆಯುವವರ ಸಂಖ್ಯೆಯನ್ನು ಕಡಿಮೆ ಮಾಡಿ.