ದೈಹಿಕ ಸಾಕ್ಷರತೆ: ನಾನು ಕಲಿಸುವ ಬಗೆ

ದೈಹಿಕ ಶಿಕ್ಷಣದ ತರಗತಿಯಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ಸರದಿ ಬಂದಾಗಲೆಲ್ಲ ಸಾಲಿನ ಹಿಂದಕ್ಕೆ ಸರಿಯುವ ಮಗುವನ್ನು. ಓಟದಲ್ಲಿ ಗೆಲ್ಲುವ ಮಗು ಹೇಗೂ ಆಡುತ್ತದೆ. ಹಿಂದೆ ಸರಿದ ಮಗು ಮುಂದೊಂದು ದಿನ ಆಟವನ್ನೇ ಬಿಟ್ಟುಬಿಡಬಹುದು.

ಹೀಗೆ ನೋಡುವುದನ್ನು ಕಲಿಸಿದ್ದು ದೈಹಿಕ ಸಾಕ್ಷರತೆಯ ಪರಿಕಲ್ಪನೆ. ಬ್ರಿಟನ್ನಿನ ಮಾರ್ಗರೆಟ್ ವೈಟ್‌ಹೆಡ್ 1993ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟರು. ಬದುಕಿನುದ್ದಕ್ಕೂ ದೈಹಿಕ ಚಟುವಟಿಕೆಗೆ ಬೆಲೆ ಕೊಟ್ಟು, ಅದರ ಹೊಣೆಯನ್ನು ತಾನೇ ಹೊರಲು ಬೇಕಾದ ಪ್ರೇರಣೆ, ಆತ್ಮವಿಶ್ವಾಸ, ದೈಹಿಕ ಸಾಮರ್ಥ್ಯ ಮತ್ತು ತಿಳಿವಳಿಕೆ ಎಂಬುದು ಅದರ ಸಾರ. ಓಡಲು ಬಂದರೆ ಸಾಲದು, ಓಡುವ ಮನಸ್ಸೂ ಇರಬೇಕು.

ಚೆಂಡು ಹಿಡಿಯುವುದನ್ನೇ ನೋಡಿ. ಚೆಂಡು ಬರುತ್ತಿದ್ದಂತೆ ಅನೇಕ ಮಕ್ಕಳು ಮುಖ ತಿರುಗಿಸಿ, ಕಣ್ಣು ಮುಚ್ಚಿ, ತೋಳುಗಳನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ‘ಚೆಂಡನ್ನೇ ನೋಡು’ ಎಂದು ಕೂಗುವುದರಿಂದ ಆ ಭಯ ಹೋಗುವುದಿಲ್ಲ. ನಾನು ಬಲೂನಿನಿಂದ ಆರಂಭಿಸುತ್ತೇನೆ. ಅದು ನಿಧಾನವಾಗಿ ಇಳಿಯುತ್ತದೆ, ತಗುಲಿದರೂ ನೋಯುವುದಿಲ್ಲ, ಕೈ ಚಾಚಲು ಸಮಯ ಸಿಗುತ್ತದೆ. ಆಮೇಲೆ ದೊಡ್ಡ ಸ್ಪಂಜಿನ ಚೆಂಡು, ಅನಂತರ ನೆಲಕ್ಕೆ ಪುಟಿದು ಬರುವ ಚೆಂಡು, ಕೊನೆಗೆ ಚಿಕ್ಕದು. ಎಷ್ಟು ದೂರ ನಿಲ್ಲಬೇಕೆಂಬುದು ಮಗುವಿನದೇ ತೀರ್ಮಾನ. ‘ಇನ್ನೊಂದು ಹೆಜ್ಜೆ ಹಿಂದೆ ಹೋಗಲಾ?’ ಎಂದು ಮಗುವೇ ಕೇಳಿದರೆ ಆ ದಿನದ ಪಾಠ ಫಲಿಸಿತೆಂದೇ ನನ್ನ ಲೆಕ್ಕ.

ಸೋತವರು ಹೊರಗೆ ಕೂರಬೇಕಾದ ಆಟಗಳನ್ನು ನಾನು ಆಡಿಸುವುದಿಲ್ಲ. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಅವುಗಳಲ್ಲಿ ಎಲ್ಲರಿಗಿಂತ ಮೊದಲು ಹೊರಬೀಳುತ್ತದೆ. ಉದ್ದನೆಯ ಸಾಲುಗಳನ್ನೂ ಒಡೆದು ಚಿಕ್ಕ ಗುಂಪು ಮಾಡುತ್ತೇನೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಒಂದು ತರಗತಿಯ ಅವಧಿಯಲ್ಲಿ ಅಷ್ಟೂ ಆಗುವುದು ಕಷ್ಟ. ಉಳಿದದ್ದನ್ನು ಮಗು ತಾನಾಗಿ ಆಡಬೇಕು, ಹಾಗೆ ಆಡಬೇಕಾದರೆ ತರಗತಿಯಿಂದ ಅವಮಾನ ಹೊತ್ತು ಹೋಗಿರಬಾರದು.

ಹಿರಿಯರ ಗುಂಪೊಂದಕ್ಕೂ ಇದೇ ಕ್ರಮದಲ್ಲಿ ಕಲಿಸುತ್ತೇನೆ. 65 ದಾಟಿದವರು ವಾರದಲ್ಲಿ ಕನಿಷ್ಠ 3 ದಿನ ಸಮತೋಲನ ಮತ್ತು ಬಲವನ್ನು ಬೆಳೆಸುವ ಚಟುವಟಿಕೆ ಮಾಡಬೇಕೆಂಬುದು ಅದೇ ಸಂಸ್ಥೆಯ ಸಲಹೆ. ಆದರೆ ಬೀಳುವ ಭಯವೇ ಅನೇಕರನ್ನು ಕುರ್ಚಿಯಲ್ಲಿ ಕೂರಿಸಿಬಿಡುತ್ತದೆ. ಕೂತಷ್ಟೂ ಕಾಲಿನ ಬಲ ಕುಗ್ಗುತ್ತದೆ, ಭಯ ಇನ್ನಷ್ಟು ಬೆಳೆಯುತ್ತದೆ. ಅವರು ಮೊದಲು ಗಟ್ಟಿಯಾದ ಕುರ್ಚಿಯ ಬೆನ್ನನ್ನು ಎರಡೂ ಕೈಗಳಿಂದ ಹಿಡಿದು ಒಂದು ಕಾಲ ಮೇಲೆ ನಿಲ್ಲುತ್ತಾರೆ. ಅದು ಹಗುರವೆನಿಸಿದಾಗ ಒಂದು ಕೈ, ಆಮೇಲೆ ಬೆರಳ ತುದಿ. ಯಾವಾಗ ಬಿಡಬೇಕೆಂದು ನಾನು ಹೇಳುವುದಿಲ್ಲ, ಅವರೇ ಹೇಳುತ್ತಾರೆ.